ಡೆಸಿ ಚಿತ್ರಣದಲ್ಲಿ ಸೂಕ್ಷ್ಮ ವಿವರ ಪಡೆಯುವ ಬಗೆ

ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2004ರಲ್ಲಿ ಪ್ರಕಟವಾದ ಡೆಸಿ (DESI, ಡಿಸಾರ್ಪ್ಷನ್ ಎಲೆಕ್ಟ್ರೋಸ್ಪ್ರೇ ಅಯಾನೀಕರಣ) ಅಂಗಾಂಶದಲ್ಲಿ ಯಾವ ಅಣು ಎಲ್ಲಿದೆ ಎಂದು ಚಿತ್ರಿಸುವ ವಿಧಾನ. ಇದರಲ್ಲಿ ವಿದ್ಯುದಾವೇಶ ಹೊತ್ತ ದ್ರಾವಕದ ತುಂತುರು ಅಂಗಾಂಶದ ಮೇಲೆ ತೆಳುವಾದ ದ್ರವಪದರವಾಗಿ ಹರಡಿ ಅಣುಗಳನ್ನು ಕರಗಿಸಿಕೊಳ್ಳುತ್ತದೆ. ಹಿಂದೆಯೇ ಬಂದು ಬಡಿಯುವ ಹನಿಗಳು ಆ ಪದರವನ್ನು ಸಿಡಿಸಿ, ಅಣುಗಳನ್ನು ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರಿನ ಬಾಯಿಗೆ ಒಯ್ಯುತ್ತವೆ. ಆದ್ದರಿಂದ ಚಿತ್ರದ ಸ್ಪಷ್ಟತೆಯನ್ನು ಮೊದಲು ನಿರ್ಧರಿಸುವುದು ಆ ಒದ್ದೆ ಕಲೆಯ ಅಗಲವೇ ಹೊರತು ತಂತ್ರಾಂಶದಲ್ಲಿ ನಮೂದಿಸಿದ ಪಿಕ್ಸೆಲ್ ಅಳತೆಯಲ್ಲ.

ಮೊದಲು ಕಲೆಯನ್ನು ಅಳೆಯಿರಿ. ರೋಡಮಿನ್ ಎಂಬ ಬಣ್ಣದ ರಾಸಾಯನಿಕ ಇರುವ ಕೆಂಪು ಮಾರ್ಕರಿನಿಂದ ಗಾಜಿನ ಸ್ಲೈಡಿನ ಮೇಲೆ ಬಣ್ಣ ಬಳಿದು, ಒಂದು ಬದಿಯನ್ನು ಬ್ಲೇಡಿನಿಂದ ಕೆರೆದು ಅಂಚನ್ನು ಚೊಕ್ಕಟ ಮಾಡಿ, ಆ ಅಂಚಿಗೆ ಅಡ್ಡಲಾಗಿ ಸ್ಕ್ಯಾನ್ ಮಾಡಬೇಕು. ದ್ರವ್ಯರಾಶಿ-ಆವೇಶ ಅನುಪಾತ 443ರಲ್ಲಿ ಕಾಣುವ ರೋಡಮಿನ್ ಸಂಕೇತವು ಶೇ. 20ರಿಂದ ಶೇ. 80ಕ್ಕೆ ಏರಲು ಹಿಡಿದ ದೂರವೇ ನಿಮ್ಮ ನಿಜವಾದ ರೆಸಲ್ಯೂಶನ್, ಅಂದರೆ ಚಿತ್ರದಲ್ಲಿ ಬಿಡಿಯಾಗಿ ಕಾಣಬಲ್ಲ ಅತಿ ಸಣ್ಣ ಅಳತೆ.

ಕಲೆ ದೊಡ್ಡದಾಗಿದ್ದರೆ ದ್ರಾವಕದ ಹರಿವಿಗೇ ಮೊದಲು ಕೈ ಹಾಕುವುದು ಒಳ್ಳೆಯದು. ನಿಮಿಷಕ್ಕೆ 1 ಮೈಕ್ರೋಲೀಟರ್ ಆಸುಪಾಸಿಗೆ ಅದನ್ನು ಇಳಿಸಿ, ದ್ರಾವಕ ಹರಿಯುವ ಒಳಗಿನ ಸೂಕ್ಷ್ಮ ಕೊಳವೆಯನ್ನು (ಕ್ಯಾಪಿಲರಿ) ಇನ್ನೂ ಸಣ್ಣ ರಂಧ್ರದ್ದಕ್ಕೆ ಬದಲಾಯಿಸಿ. ಅನಂತರ ಹೊರಗಿನ ಕೊಳವೆಯಿಂದ ಕ್ಯಾಪಿಲರಿ ಎಷ್ಟು ಚಾಚಿಕೊಂಡಿದೆ, ತುದಿಗೂ ಮೇಲ್ಮೈಗೂ ಎಷ್ಟು ಅಂತರವಿದೆ, ತುಂತುರನ್ನು ತಳ್ಳುವ ನೈಟ್ರೋಜನ್ ಅನಿಲದ ಒತ್ತಡ ಎಷ್ಟು ಎಂಬುದನ್ನು ಒಂದೊಂದಾಗಿ ಹೊಂದಿಸಿ, ಪ್ರತಿ ಬಾರಿಯೂ ಅಂಚನ್ನು ಮತ್ತೆ ಅಳೆಯಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತೆಂದು ತಿಳಿಯುವುದಿಲ್ಲ. ಒತ್ತಡ ಅತಿಯಾದರೆ ಅಂಗಾಂಶವೇ ಕಿತ್ತುಬರುತ್ತದೆ.

ಹೆಪ್ಪುಗಟ್ಟಿಸಿದ ಅಂಗಾಂಶವನ್ನು ಕ್ರಯೋಸ್ಟಾಟಿನಲ್ಲಿ (ಶೀತದಲ್ಲೇ ತೆಳುವಾಗಿ ಕತ್ತರಿಸುವ ಯಂತ್ರ) 10ರಿಂದ 20 ಮೈಕ್ರೋಮೀಟರ್ ದಪ್ಪಕ್ಕೆ ಕತ್ತರಿಸಿ. ಸ್ಲೈಡಿನ ಮೇಲಿನ ಹೆಪ್ಪುಗಟ್ಟಿದ ಸೀಳು ಕರಗುವಾಗ ಅದರ ಮೇಲೆ ತೇವ ಕೂತರೆ ಅಣುಗಳು ಅಕ್ಕಪಕ್ಕಕ್ಕೆ ಹರಡುತ್ತವೆ. ಹಾಗೆ ಕದಡಿದ ವಿವರವನ್ನು ಯಾವ ಯಂತ್ರವೂ ಮರಳಿ ಕೊಡಲಾರದು. ಅಂಗಾಂಶವನ್ನು ಹಿಡಿದಿಡಲು ಬಳಸುವ ಓಸಿಟಿ (OCT) ಅಂಟನ್ನು ಕತ್ತರಿಸುವ ಭಾಗಕ್ಕೆ ತಾಕಿಸಬೇಡಿ, ಏಕೆಂದರೆ ಅದರಲ್ಲಿರುವ ಪಾಲಿಮರುಗಳು ಇತರ ಅಯಾನುಗಳ ಸಂಕೇತವನ್ನು ಅಡಗಿಸುತ್ತವೆ.

ಇನ್ನು ವೇಗದ ಮಾತು. ಸ್ಲೈಡ್ ಇರಿಸಿದ ವೇದಿಕೆ ಸೆಕೆಂಡಿಗೆ 50 ಮೈಕ್ರೋಮೀಟರ್ ಸರಿಯುತ್ತಿದ್ದು, ಸ್ಪೆಕ್ಟ್ರೊಮೀಟರಿನ ಒಂದು ಸ್ಕ್ಯಾನಿಗೆ ಒಂದು ಸೆಕೆಂಡ್ ಹಿಡಿದರೆ ಪಿಕ್ಸೆಲಿನ ಉದ್ದ 50 ಮೈಕ್ರೋಮೀಟರ್ ಆಗುತ್ತದೆ. ಸಾಲುಗಳ ನಡುವಿನ ಅಂತರವೂ ಅಷ್ಟೇ ಇರಲಿ. ಒಂದು ಚದರ ಸೆಂಟಿಮೀಟರಿಗೆ 40,000 ಪಿಕ್ಸೆಲ್, ಅಂದರೆ ಹನ್ನೊಂದು ಗಂಟೆಗೂ ಹೆಚ್ಚು ಕಾಲ ಬೇಕು. 200 ಮೈಕ್ರೋಮೀಟರಿನ ಪಿಕ್ಸೆಲಿಗೆ ಹೋಲಿಸಿದರೆ ಪ್ರತಿ ಪಿಕ್ಸೆಲಿನಿಂದ ಸಿಗುವ ವಸ್ತುವೂ ಹದಿನಾರನೇ ಒಂದು ಭಾಗಕ್ಕೆ ಇಳಿಯುವುದರಿಂದ, ಹೇರಳವಾಗಿರುವ ಲಿಪಿಡ್‌ಗಳು (ಕೊಬ್ಬಿನ ಬಗೆಯ ಅಣುಗಳು) ಕಂಡರೂ ವಿರಳ ಔಷಧಾಣುಗಳು ಕಾಣದೆ ಹೋಗಬಹುದು. ಹಾಗಾಗಿ ಇಡೀ ಅಂಗಾಂಶವನ್ನು ಮೊದಲು ಒರಟಾಗಿ ಚಿತ್ರಿಸಿ, ಅದರ ಪಕ್ಕದಲ್ಲೇ ಕತ್ತರಿಸಿದ ಇನ್ನೊಂದು ಸೀಳಿನಲ್ಲಿ ಬೇಕಾದ ಜಾಗವನ್ನಷ್ಟೇ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡುವುದು ಜಾಣತನ. ಕೋಶದ ಮಟ್ಟದ ವಿವರವೇ ಬೇಕಾದಲ್ಲಿ, ತುಂತುರಿನ ಬದಲು ಎರಡು ಕ್ಯಾಪಿಲರಿಗಳ ನಡುವಿನ ದ್ರವಸೇತುವೆಯನ್ನು ಬಳಸುವ ನ್ಯಾನೋ-ಡೆಸಿಯತ್ತ ತಿರುಗಬೇಕಾಗುತ್ತದೆ.