ಪದರಚನೆ ಕಲಿಬೇಕಾ? ಒಂದೇ ಒಂದು ಪ್ರತ್ಯಯ ಹಿಡ್ಕೊಳ್ಳಿ

ಪದರಚನೆ ಓದ್ಬೇಕು ಅನ್ನೋರು ಸಾಮಾನ್ಯವಾಗಿ ಸಂಧಿ, ಸಮಾಸ, ತದ್ಧಿತ, ಕೃದಂತ ಅಂತ ಸಾಲಾಗಿ ಬಾಯಿಪಾಠಕ್ಕೆ ಕೂತ್ಬಿಡ್ತಾರೆ, ಸ್ವಲ್ಪ ದಿನಕ್ಕೇ ಸಾಕಾಗೋಗತ್ತೆ. ಅದ್ರ ಬದ್ಲು ಒಂದು ಪ್ರತ್ಯಯ, ಅಂದ್ರೆ ಪದದ ಕೊನೆಗೆ ಸೇರೋ ತುಣುಕು, ಆರಿಸ್ಕೊಂಡು ಮೊದ್ಲು ಇವತ್ತಿನ ಮಾತಲ್ಲಿ ನೋಡಿ, ಆಮೇಲೆ ಹಿಂದಕ್ಕೆ ಹೋಗಿ. ಶುರು ಮಾಡೋಕೆ ಚತುರ್ಥಿ ವಿಭಕ್ತಿಯ 'ಗೆ' (ಯಾರಿಗೆ, ಎಲ್ಲಿಗೆ ಅಂತ ಹೇಳೋದು) ಸಖತ್ತಾಗಿದೆ.

ಬಿಎಂಟಿಸಿ ಬಸ್ಸಲ್ಲೋ ಮೆಟ್ರೋದಲ್ಲೋ ಕಿವಿಗೆ ಬಿದ್ದ ಪದಗಳನ್ನ ಹೇಳಿದ ಹಾಗೇ ಮೊಬೈಲಲ್ಲಿ ಬರ್ಕೊಳ್ಳಿ, ದಯವಿಟ್ಟು ತಿದ್ದಬೇಡಿ. ಆಮೇಲೆ ಗುಂಪು ಮಾಡಿ: ಮನೆಗೆ, ಊರಿಗೆ, ಮರಕ್ಕೆ, ಹುಡುಗನಿಗೆ. ಮರ, ಹುಡುಗ ಎರಡೂ ಅಕಾರದಲ್ಲೇ ಮುಗಿದ್ರೂ ಒಂದಕ್ಕೆ 'ಕ್ಕೆ', ಇನ್ನೊಂದಕ್ಕೆ 'ನಿಗೆ', ಅಂದ್ರೆ ಕೊನೆ ಅಕ್ಷರ ಮಾತ್ರ ಅಲ್ಲ, ಅದು ಮನುಷ್ಯನಾ ವಸ್ತುನಾ ಅನ್ನೋದೂ ಲೆಕ್ಕಕ್ಕೆ ಬರತ್ತೆ.

ನನಗೆ ತುಂಬ ಇಷ್ಟದ ಭಾಗ ಇಂಗ್ಲಿಷಿಂದ ಬಂದ ಪದಗಳದ್ದು. ಕೆಲವರು ಆಫೀಸಿಗೆ ಅಂತಾರೆ, ಕೆಲವರು ಆಫೀಸ್‌ಗೆ ಅಂತಾರೆ. ಎರಡನೇದು ತಪ್ಪು ಅಂತ ತಳ್ಳೋಕೆ ಮುಂಚೆ ಹಳಗನ್ನಡ ನೋಡಿ, ಅಲ್ಲಿ ಕಣ್, ಊರ್ ಥರ ವ್ಯಂಜನದಲ್ಲೇ ಮುಗಿಯೋ ಪದಗಳಿದ್ವು, ಕಣ್ಗೆ, ಊರ್ಗೆ ಅಂತ ನೇರವಾಗೇ 'ಗೆ' ಸೇರ್ತಿತ್ತು, ಆಮೇಲೆ ಕೊನೇಲಿ ಉಕಾರ ಬಂದು ಕಣ್ಣು, ಊರು ಆದ್ಮೇಲೆ ಕಣ್ಣಿಗೆ, ಊರಿಗೆ ಆಯ್ತು. ಹಾಗಂತ ಆಫೀಸ್‌ಗೆ ಅನ್ನೋದು ಹಳಗನ್ನಡದಿಂದ ಉಳ್ಕೊಂಡಿದ್ದಲ್ಲ. ಇವತ್ತು ನಾವು ಬೇಗ ಮಾತಾಡ್ವಾಗ ಅನ್ನೋ 'ಊರ್ಗೆ' ಕೂಡ 'ಊರಿಗೆ'ಯಲ್ಲಿ ಇಕಾರ ಬಿದ್ದು ಆಗಿರೋದು. ರೂಪ ಒಂದೇ, ಬಂದ ದಾರಿ ಬೇರೆ. ನೋಡೋಕೆ ಒಂದೇ ಥರ ಇದೆ ಅಂತ ನಂಟು ಹೇಳ್ಬಿಡಬೇಡಿ, ನಡುವಿನ ಕಾಲದ ರೂಪ ಹುಡುಕಿ.

ಹುಡುಕೋಕೆ 13ನೇ ಶತಮಾನದ ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣ, 1894ರ ಕಿಟ್ಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ಪಕ್ಕದಲ್ಲಿರ್ಲಿ. ಹಕಾರದ ಪದವನ್ನ ಪಕಾರದಲ್ಲೂ ನೋಡಿ, ಹಾಲು ಹಿಂದೆ ಪಾಲ್ ಆಗಿತ್ತು, ಹುಲಿ ಪುಲಿ ಆಗಿತ್ತು. ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ ಬೆಂಗಳೂರು ಜಿಲ್ಲೆಯ ಸಂಪುಟ ಇದೆ. ಕಾವ್ಯ ಒಂದನ್ನೇ ನಂಬ್ಕೊಂಡು ಕಾಲ ಹೇಳೋದು ಕಷ್ಟ ಯಾಕಂದ್ರೆ ಕವಿಗಳು ಮಾತಲ್ಲಿ ಹೋಗಿರೋ ರೂಪಗಳನ್ನೂ ಬಳಸ್ತಾರೆ, ಅದಕ್ಕೇ ಇಸವಿ ಗೊತ್ತಿರೋ ಶಾಸನ ಸಿಕ್ರೆ ಅದರ ಜೊತೆ ಇಟ್ಟು ನೋಡಿ.

'ಗೆ' ಕೈಗೆ ಹತ್ತಿದ್ಮೇಲೆ ಸಪ್ತಮಿ ವಿಭಕ್ತಿ (ಎಲ್ಲಿ ಅಂತ ಹೇಳೋದು) ತಗೊಳ್ಳಿ, ಹಳಗನ್ನಡದ ಮನೆಯೊಳ್, ಇವತ್ತಿನ ಬರಹದ ಮನೆಯಲ್ಲಿ, ಮಾತಿನ ಮನೇಲಿ. ಇಲ್ಲಿ ಪ್ರತ್ಯಯವೇ ಬದ್ಲಾಗಿದೆ, ಆದ್ರೆ 'ಒಳ್' ಪೂರ್ತಿ ಹೋಗಿಲ್ಲ, ಒಳಗೆ ಅನ್ನೋ ಪದದಲ್ಲಿ ಇನ್ನೂ ಇದೆ, ಅಲ್ಲಿಂದ ಶುರು ಮಾಡಿ.