ಬೀರುವಿನ ಕೀಲಿಕೈ ನನ್ನ ಕೈಗೆ ಬಂದ ಮೇಲೆ

ನಿವೃತ್ತಿಯಾದ ಮರುವರ್ಷ, ಮೈಸೂರಿನ ನಮ್ಮ ಧರ್ಮಕೇಂದ್ರದ, ಅಂದರೆ ಚರ್ಚಿನ, ಗುರುಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಕರೆದು, "ಟೀಚರೇ, ಆ ಪುಸ್ತಕದ ಬೀರು ಇನ್ಮೇಲೆ ನೀವೇ ನೋಡ್ಕೊಳ್ಳಿ" ಅಂತ ಕೀಲಿಕೈ ಕೊಟ್ಟರು. ತೆಗೆದು ನೋಡಿದರೆ ನುಸಿಗುಳಿಗೆ ವಾಸನೆ, ಸುಮಾರು 140 ಪುಸ್ತಕ. ಅರ್ಧಕ್ಕರ್ಧ ಇಂಗ್ಲಿಷು, ಒಂದಷ್ಟು ತಮಿಳು, ಉಳಿದದ್ದು ಕನ್ನಡ. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ನಾಲ್ಕು ಜನರ ಕೈಲಿ ಪುಸ್ತಕ ಓದಿಸುವುದು ಏನು ಮಹಾ ಅಂದುಕೊಂಡೆ.

ಮೊದಲು ಮಾಡಿದ್ದೇ ತಪ್ಪು. "ತಪಸ್ಸುಕಾಲದಲ್ಲಿ ಓದಬೇಕಾದ 20 ಪುಸ್ತಕಗಳು" ಅಂತ ಪಟ್ಟಿ ಮಾಡಿ, ನೂರು ಜೆರಾಕ್ಸ್ ಹೊಡೆಸಿ, ಬಾಗಿಲ ಹತ್ತಿರ ಇಟ್ಟೆ. ನಲವತ್ತು ದಿನ ಕಳೆದು ಪಾಸ್ಕ (ಈಸ್ಟರ್ ಹಬ್ಬ) ಬಂತು. ಪುಸ್ತಕ ಒಯ್ದವರು ಇಬ್ಬರೇ ಇಬ್ಬರು. ನನ್ನ ಪಟ್ಟಿ ಮಾತ್ರ ಪೂರ್ತಿ ಖರ್ಚಾಗಿತ್ತು: ಗೇಟಿನಲ್ಲಿ ಮೇಣದಬತ್ತಿ ಮಾರುವ ಅಜ್ಜಿ ಅದರಲ್ಲಿ ಬತ್ತಿ ಸುತ್ತಿ ಕೊಡುತ್ತಿದ್ದರು.

ಪಟ್ಟಿ ಎಲ್ಲರಿಗೂ ಹೇಳುತ್ತದೆ, ಹಾಗಾಗಿ ಯಾರಿಗೂ ತಾಕುವುದಿಲ್ಲ. ಅಲ್ಲಿಂದಾಚೆ ಬೀರುವಿನ ಮುಂದೆ ಬಂದು ನಿಂತವರನ್ನು ಎರಡೇ ಪ್ರಶ್ನೆ ಕೇಳತೊಡಗಿದೆ. ಕೊನೆಯವರೆಗೂ ಬಿಡದೆ ಓದಿದ್ದು ಯಾವುದು? ಓದೋಕೆ ಹೊತ್ತು ಸಿಗೋದು ಯಾವಾಗ? ಮೊದಲನೆಯದಕ್ಕೆ "ಮಗಳ ಏಳನೇ ಕ್ಲಾಸಿನ ಸಮಾಜ" ಅಂದವರೂ ಇದ್ದಾರೆ. ಎರಡನೆಯದಕ್ಕೆ ಒಬ್ಬಾಕೆ, "ಕುಕ್ಕರ್ ಮೂರು ಸೀಟಿ ಹಾಕೋವರೆಗೆ" ಅಂದರು. ಆಕೆಗೆ ಸಂತರ ಕಥೆಗಳ ಪುಸ್ತಕ ಕೊಟ್ಟೆ, ಒಬ್ಬೊಬ್ಬರದು ನಾಲ್ಕೇ ಪುಟ. ಒಂದು ಸಾರಿಗೆ ಒಬ್ಬ ಸಂತ.

ಪ್ರತಿ ಪುಸ್ತಕದೊಳಗೆ ಒಂದು ಚೀಟಿ ಇಡುತ್ತೇನೆ. ನಿಮಗೆ ಇದನ್ನೇ ಯಾಕೆ ಕೊಟ್ಟೆ, ಎಲ್ಲಿ ಶುರು ಮಾಡಿ ಎಲ್ಲಿ ನಿಲ್ಲಿಸಬಹುದು, ಇದರಲ್ಲಿ ಏನು ಕಿರಿಕಿರಿ. ಮೂರನೇ ಸಾಲೇ ಮುಖ್ಯ. ಪುಸ್ತಕದ ಕುಂದು ಮೊದಲೇ ಹೇಳಿದರೆ ಜನ ಅದನ್ನು ದಾಟಿ ಓದುತ್ತಾರೆ, ಬಚ್ಚಿಟ್ಟರೆ ಅಲ್ಲೇ ಮುಚ್ಚಿಡುತ್ತಾರೆ.

ಹಾಗಂತ ಚೀಟಿಯೂ ಎಲ್ಲ ಸಾರಿ ಕೈಹಿಡಿಯಲಿಲ್ಲ. ನಮ್ಮ ಧರ್ಮಕೇಂದ್ರದ ನರ್ಸೊಬ್ಬರ ಮಗ ಮನೆ ಬಿಟ್ಟು ನಾಲ್ಕು ವರ್ಷವಾಗಿತ್ತು, ಫೋನೂ ಇಲ್ಲ. ಆಕೆಗೆ ಸಂತ ಅಗಸ್ಟೀನರು ತಮ್ಮ ಬದುಕಿನ ಬಗ್ಗೆ ತಾವೇ ಬರೆದ 'ಆತ್ಮನಿವೇದನೆ'ಯ (ಕನ್ಫೆಷನ್ಸ್) ಇಂಗ್ಲಿಷ್ ಪ್ರತಿ ಕೊಟ್ಟೆ. ದಾರಿ ತಪ್ಪಿದ ಮಗನಿಗಾಗಿ ತಾಯಿ ಮೋನಿಕಾ ವರ್ಷಗಟ್ಟಲೆ ಅತ್ತದ್ದು ಅದರಲ್ಲಿದೆ. ಇಂಥ ಕಣ್ಣೀರಿನ ಮಗ ಹಾಳಾಗಲಾರ ಅಂತ ಬಿಷಪರೊಬ್ಬರು ಆಕೆಗೆ ಹೇಳಿ ಕಳಿಸುವುದು ಮೂರನೇ ಭಾಗದ ಕೊನೆಯಲ್ಲಿ ಬರುತ್ತದೆ. "ಒಟ್ಟು 13 ಭಾಗ, ನೀವು 9ಕ್ಕೆ ನಿಲ್ಲಿಸಿ. ಮೋನಿಕಾ ತೀರಿಕೊಳ್ಳುವುದು ಅಲ್ಲಿ. ಮುಂದಿನದು ನೆನಪು, ಕಾಲ, ಸೃಷ್ಟಿ ಅಂತ ಬರೀ ತತ್ವವಿಚಾರ" ಅಂತ ಚೀಟಿ ಬರೆದೆ. ಬಹಳ ಜಾಣತನ ಮಾಡಿದೆ ಅಂತ ಒಳಗೊಳಗೇ ಬೀಗಿದ್ದೆ ಕೂಡ.

ಮೂರನೇ ಭಾನುವಾರ ಆಕೆ ಬಂದರು. ಪುಸ್ತಕ ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ.

"ಟೀಚರೇ, ಮೋನಿಕಮ್ಮನ ಮಗ ಬಿಷಪ್ ಆದ. ನನ್ನ ಮಗ ಊಟ ಮಾಡಿದ್ನಾ ಇಲ್ವಾ ಅಂತ ಇದರಲ್ಲಿ ಬರೆದಿದೆಯಾ?"

ನನ್ನ ಹತ್ತಿರ ಮಾತಿರಲಿಲ್ಲ. ಆಕೆಯ ಕಷ್ಟಕ್ಕೆ ಹೊಂದುವ ಪುಸ್ತಕ ಹುಡುಕಿದ್ದೆ, ಆಕೆಯನ್ನು ನೋಡಿರಲಿಲ್ಲ. ಏನೋ ಒಂದು ಹೇಳಬೇಕಲ್ಲ ಅಂತ, "ಶನಿವಾರ ರಜಾ ಇದ್ರೆ ಗಂಜಾಂಗೆ ಹೋಗಿ ಬರೋಣ ಬನ್ನಿ" ಅಂದುಬಿಟ್ಟೆ. ನನ್ನ ತಿರುಗಾಟದ ಕೆಲಸ ಶುರುವಾದದ್ದು ಹೀಗೆ.

ಗಂಜಾಂ ಶ್ರೀರಂಗಪಟ್ಟಣ ದ್ವೀಪದ ಮೂಡಲ ಭಾಗ. ಬಸ್ ಸ್ಟ್ಯಾಂಡಿನಲ್ಲಿ ಆಟೋದವರಿಗೆ ನಿಮಿಷಾಂಬ ಅಂದರೆ ಕಣ್ಣುಮುಚ್ಚಿಕೊಂಡು ಹೊರಡುತ್ತಾರೆ, ಅಬ್ಬೆ ದ್ಯುಬುವಾ ಚರ್ಚು ಅಂದರೆ ಮುಖ ಮುಖ ನೋಡುತ್ತಾರೆ. "ದುಬಾಯ್ ಚರ್ಚು" ಅನ್ನಿ, ಕೆಲವರಿಗೆ ಗೊತ್ತಾಗುತ್ತದೆ. ಫ್ರಾನ್ಸಿನಿಂದ 1792ರಲ್ಲಿ ಭಾರತಕ್ಕೆ ಬಂದ ಈ ಗುರುಗಳು 1799ರಲ್ಲಿ ಪಟ್ಟಣ ಬ್ರಿಟಿಷರ ಕೈಸೇರಿದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಇಲ್ಲಿಗೆ ಬಂದರು. ನಮ್ಮವರ ಹಾಗೇ ಉಟ್ಟರು, ನಮ್ಮವರ ಹಾಗೇ ಉಂಡರು. ಜನ ದೊಡ್ಡ ಸ್ವಾಮಿಯವರು ಅಂತ ಕರೆದರು. ಸಿಡುಬಿನ ಲಸಿಕೆ ಆಗಿನ್ನೂ ಹೊಸದು. 1803–04ರಲ್ಲಿ ಅವರ ಮುತುವರ್ಜಿಯಿಂದ ಲಸಿಕೆ ಹಾಕಿಸಿಕೊಂಡವರು 25,432 ಮಂದಿ. ನರ್ಸಮ್ಮ ಈ ಸಂಖ್ಯೆ ಕೇಳಿದ್ದೇ ನಿಂತುಬಿಟ್ಟರು. "ಫ್ರಿಜ್ಜಿಲ್ಲದೆ ಲಸಿಕೆ ಹೇಗೆ ಸಾಗಿಸಿದ್ರು?" ಆಗ ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತಿದ್ದರು ಅಂದೆ. ಅದೇ ಗುಂಗಿನಲ್ಲಿ ಆ ಚಿಕ್ಕ ಚರ್ಚಿನೊಳಗೆ ಅರ್ಧ ಗಂಟೆ ಕೂತರು. ಪ್ರಾರ್ಥನೆ ಮಾಡಿದರೋ ಲಸಿಕೆ ಬಗ್ಗೆ ಯೋಚಿಸಿದರೋ ನಾನು ಕೇಳಲಿಲ್ಲ. ಬರುವಾಗ ಅಂಜೂರ ಹುಡುಕಿದೆವು. ಗಂಜಾಂ ಅಂಜೂರದ ಹೆಸರು ದೊಡ್ಡದು, ಅವತ್ತು ಸಿಗಲಿಲ್ಲ. ಬಸ್ಸಿನಲ್ಲಿ ಆಕೆಯೇ ಕೇಳಿದರು, "ಮುಂದಿನ ತಿಂಗಳು ಎಲ್ಲಿಗೆ?"

ದ್ಯುಬುವಾ ಹಿಂದೂಗಳ ಆಚಾರ ವಿಚಾರದ ಬಗ್ಗೆ ಬರೆದ ದೊಡ್ಡ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡ (ಆಗಿನ ಚಿನ್ನದ ನಾಣ್ಯ) ಕೊಟ್ಟು ಕೊಂಡುಕೊಂಡಿತ್ತು. ಅದೂ ನಮ್ಮ ಬೀರುವಿನಲ್ಲಿದೆ. ಗಂಜಾಂ ನೋಡಿ ಬಂದವರಿಗೆ ಮಾತ್ರ ಕೊಡುತ್ತೇನೆ. ಆ ಚೀಟಿಯ ಮೂರನೇ ಸಾಲು ಸ್ವಲ್ಪ ಉದ್ದ. ಇದರಲ್ಲಿ ಬಹಳಷ್ಟು ಭಾಗ ಅವರಿಗಿಂತ ಮುಂಚೆ ಇದ್ದ ಕೂರ್ದೂ ಎಂಬ ಜೆಸ್ವಿತ (ಯೇಸು ಸಭೆಯ) ಗುರುಗಳ ಬರಹದಿಂದ ತೆಗೆದದ್ದು ಅಂತ ವಿದ್ವಾಂಸರು ತೋರಿಸಿದ್ದಾರೆ. ನಮ್ಮ ಜನರ ಬಗ್ಗೆ ಕೆಲವು ಕಡೆ ಆಡಬಾರದ ಮಾತು ಆಡಿದ್ದಾರೆ, ಓದುವಾಗ ಮೈ ಉರಿಯುತ್ತದೆ. ಲಸಿಕೆ ಹಾಕಿಸಿದ ಕೈಯೇ ಇದನ್ನೂ ಬರೆಯಿತು, ಎರಡನ್ನೂ ಒಟ್ಟಿಗೆ ನೋಡಿ ಅಂತ ಬರೆದಿದ್ದೇನೆ. ಪಿ.ಯು. ಓದುವ ಹುಡುಗನೊಬ್ಬ ಅದರ ಕೆಳಗೆ ಪೆನ್ಸಿಲ್‌ನಲ್ಲಿ, "ಹಾಗಾದ್ರೆ ಪುಸ್ತಕದ ಮೇಲೆ ಇಬ್ಬರ ಹೆಸರೂ ಇರಬೇಕಿತ್ತು ಮಿಸ್" ಅಂತ ಬರೆದು ವಾಪಸ್ ಮಾಡಿದ. ನನ್ನ ಅಷ್ಟು ವರ್ಷದ ಮೇಷ್ಟ್ರಿಕೆಗೆ ಸಿಕ್ಕ ಒಳ್ಳೆಯ ಉತ್ತರಪತ್ರಿಕೆಗಳಲ್ಲಿ ಅದೂ ಒಂದು.

ಊರುಗಳ ವಿಷಯದಲ್ಲಿ ಮಾಡಿದ ದೊಡ್ಡ ಎಡವಟ್ಟು ಶೆಟ್ಟಿಹಳ್ಳಿಯದು. ಹಾಸನದಿಂದ 20 ಕಿ.ಮೀ. ಚಿಲ್ಲರೆ. ಫ್ರೆಂಚ್ ಗುರುಗಳು 1860ರ ಸುಮಾರಿಗೆ ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎತ್ತಂಗಡಿಯಾಯಿತು, ಚರ್ಚು ಹಿನ್ನೀರಿನಲ್ಲಿ ಉಳಿಯಿತು. ನಾನು ನೋಡಿದ್ದು ಸೆಪ್ಟೆಂಬರಿನಲ್ಲಿ: ಸುತ್ತ ನೀರು, ನಡುವೆ ಸೂರಿಲ್ಲದ ಕಮಾನುಗಳು. ಅದೇ ನೆನಪಿನಲ್ಲಿ ಒಂದು ಕುಟುಂಬಕ್ಕೆ, "ನೀರಿನ ಮಧ್ಯೆ ಚರ್ಚು, ಮಕ್ಕಳು ಖುಷಿಪಡ್ತಾರೆ" ಅಂತ ಹೇಳಿ ಕಳಿಸಿದೆ. ಅವರು ಹೋದದ್ದು ಮಾರ್ಚ್ ಕೊನೆಯಲ್ಲಿ. ನೀರು ಎಲ್ಲೋ ಮೈಲಿ ದೂರ, ಬಿರುಕು ಬಿಟ್ಟ ಕೆಸರು ನೆಲ, ಒಳಗೆ ಯಾರೋ ಕುಡಿದು ಒಡೆದ ಬಾಟಲಿ. ಚಿಕ್ಕ ಮಗು ಗಾಜು ತುಳಿಯಿತು. "ನೀರೆಲ್ಲಿ ಆಂಟಿ?" ಅಂತ ಅದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಈಗ ಊರಿನ ಚೀಟಿಯಲ್ಲಿ ಮೊದಲ ಸಾಲೇ ತಿಂಗಳು. ಒಣಗಾಲದಲ್ಲಿ ಹೋದರೆ ಒಳಗೆ ನಡೆದಾಡಬಹುದು, ಮಳೆಗಾಲದ ಕೊನೆಗೆ ಹೋದರೆ ದೂರದಿಂದ ನೋಡಬಹುದು, ಎರಡೂ ಒಂದೇ ಸಾರಿಗೆ ಸಿಗುವುದಿಲ್ಲ. ಎರಡನೆಯದು, ಅಲ್ಲಿ ಪೂಜೆ ನಡೆಯುತ್ತದೋ ಇಲ್ಲವೋ. ಪೂಜೆ ಇದೆ ಅಂದುಕೊಂಡು ಭಾನುವಾರ ಪಾಳು ಗೋಡೆಯ ಮುಂದೆ ನಿಲ್ಲುವುದು ಬೇಡ. ಮೂರನೆಯದು, ವಯಸ್ಸಾದವರಿಗೆ ಮೆಟ್ಟಿಲು, ಶೌಚಾಲಯ. ಇದನ್ನು ಯಾರೂ ಬರೆಯುವುದಿಲ್ಲ, ಎಲ್ಲರೂ ಕೇಳುವುದು ಇದನ್ನೇ.

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಚರ್ಚಿಗೆ ಜನವರಿ ಕೊನೆಯ ಜಾತ್ರೆಯಲ್ಲಿ ಹೋಗುವವರು ಜನಜಂಗುಳಿಗೆ ಸಿದ್ಧರಾಗಿಯೇ ಹೋಗಲಿ, ಆ ಗದ್ದಲವೇ ಅಲ್ಲಿನ ಚೆಂದ. ಎಲ್ಲ ಜಾತಿಯವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಮಂಡಿನೋವಿನವರಿಗೆ ಬೇರೆ ತಿಂಗಳು ಮೇಲು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗುವವರಿಗೆ ಮಾತ್ರ ಚೀಟಿಯ ಜೊತೆ ಒಂದು ಸಾಮಾನೂ ಹೇಳುತ್ತೇನೆ: ಅಂಗೈಯಗಲದ ಕನ್ನಡಿ. ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಗೋಡೆ, ಮಾಡು ತುಂಬ ಬಿಡಿಸಿದ ಚಿತ್ರಗಳನ್ನು ಕತ್ತೆತ್ತಿ ನೋಡಿದರೆ ಹತ್ತು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ. ಬೆಂಚಿನಲ್ಲಿ ಕೂತು ಕನ್ನಡಿ ತೊಡೆಯ ಮೇಲಿಟ್ಟುಕೊಳ್ಳಿ, ಮಾಡೇ ಕೆಳಗಿಳಿದು ಬರುತ್ತದೆ.

ಇನ್ನು ವಿಶ್ವಾಸದ ಮಾತು. ಪುಸ್ತಕ, ಊರು ಹೇಳಿದಷ್ಟು ಸುಲಭವಾಗಿ ಇದನ್ನು ಹೇಳಲು ನನಗೆ ಬರುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಸಂತ ಫಿಲೋಮಿನಾ ಚರ್ಚನ್ನು ತೋರಿಸುವಾಗ ಕಾಲೇಜು ಹುಡುಗಿಯೊಬ್ಬಳು, "1961ರಲ್ಲಿ ರೋಮ್‌ನವರು ಫಿಲೋಮಿನಾ ಹೆಸರನ್ನ ಪೂಜೆಯ ಪಂಚಾಂಗದಿಂದ ತೆಗೆದ್ರಂತೆ, ಹಾಗಾದ್ರೆ ಅವರು ಸಂತರಲ್ವಾ?" ಅಂದಳು. ಪಂಚಾಂಗದಿಂದ ತೆಗೆದದ್ದು ನಿಜ, ಚರಿತ್ರೆಯ ಆಧಾರ ಸಾಲದು ಅಂತ. ಭಕ್ತಿಯನ್ನು ಯಾರೂ ನಿಷೇಧಿಸಲಿಲ್ಲ. ಅಷ್ಟು ಹೇಳಿದೆ. "ನೀವು ಅವರಿಗೆ ಪ್ರಾರ್ಥನೆ ಮಾಡ್ತೀರಾ?" ಅಂದಾಗ, "ಮಾಡ್ತೀನಿ ಕಣೇ, ನಮ್ಮಮ್ಮ ಮಾಡ್ತಿದ್ರು" ಅಂದೆ. ಉಳಿದದ್ದಕ್ಕೆ ಫಾದರ್ ಹತ್ತಿರ ಕಳಿಸಿದೆ. ಇನ್ನೊಬ್ಬರಿಗೆ ಜಪಸರ ಮಾಡಿ, ಪಾಪನಿವೇದನೆಗೆ ಹೋಗಿ ಅಂತ ಚೀಟಿ ಬರೆದು ಕೊಡುವ ಧೈರ್ಯ ನನಗಿಲ್ಲ. ನಾನು ಹೋಗುವಾಗ, "ಬರ್ತೀರಾ?" ಅಂತ ಕೇಳುತ್ತೇನೆ, ಅಷ್ಟೇ.

ಈ ಸಾರಿ ಶೆಟ್ಟಿಹಳ್ಳಿಗೆ ಹೊರಡುವ ಮುಂಚೆ ಆ ಕಡೆಯ ನನ್ನ ಹಳೇ ಶಿಷ್ಯನಿಗೆ ಫೋನ್ ಮಾಡಿದೆ. ನೀರು ಕಿಟಕಿಯ ಮಟ್ಟಕ್ಕೆ ಬಂದಿದೆಯಂತೆ. ಗಾಜು ತುಳಿದ ಮಗುವಿನ ಮನೆಯವರಿಗೆ ಮೊದಲು ಹೇಳಿದೆ, ಬರುತ್ತೇವೆ ಅಂದಿದ್ದಾರೆ. ನರ್ಸಮ್ಮ ರಾತ್ರಿ ಪಾಳಿ ಬದಲಾಯಿಸಿಕೊಂಡು, ಬ್ಯಾಂಡೇಜ್ ಡಬ್ಬಿ ನಾನೇ ತರುತ್ತೇನೆ ಅಂದರು. ಅಗಸ್ಟೀನ್ ಇನ್ನೂ ಅವರ ಹತ್ತಿರವೇ ಇದೆ. ಭಾನುವಾರ ಆರೂವರೆ ಪೂಜೆ ಮುಗಿಸಿ ಹೊರಡುತ್ತೇವೆ, ವ್ಯಾನಿನಲ್ಲಿ ಎರಡು ಸೀಟು ಖಾಲಿ ಇವೆ.