ಮಾಳಿಗೆ ಮೇಲೆ ‘36’: ಒಂದು ಫ್ರೆಂಚ್ ಪೊಲೀಸ್ ಚಿತ್ರವನ್ನು ಓಣಿಯವರಿಗೆ ತೋರಿಸುವ ಬಗೆ

ಒಂದು ಕುರ್ಚಿ, ಅದಕ್ಕೆ ಇಬ್ಬರು ಹಕ್ಕುದಾರರು. 2004ರ ಫ್ರೆಂಚ್ ಚಿತ್ರ ‘36 ಕೇ ದೇ ಜೋರ್ಫೆವ್ರ್’ ಪೂರ್ತಿ ನಿಂತಿರುವುದು ಇದರ ಮೇಲೆ. ನಾನು ಕಲಬುರಗಿಯ ಕೋರ್ಟಿನಲ್ಲಿ ಶಿರಸ್ತೇದಾರಳಾಗಿದ್ದು ನಿವೃತ್ತಳಾದವಳು. ಬೇಸಿಗೆ ರಾತ್ರಿಗಳಲ್ಲಿ ನಮ್ಮ ಮಾಳಿಗೆ ಮೇಲೆ ಓಣಿಯವರಿಗೆ ಸಿನಿಮಾ ತೋರಿಸುತ್ತೇನೆ. ಈ ಚಿತ್ರ ಹಾಕಿದಾಗ ಮಾತ್ರ ಮೊದಲ ಅರ್ಧ ಗಂಟೆ ಜನ ಗಲಿಬಿಲಿ ಆಗುತ್ತಾರೆ. ಯಾರು ಯಾವ ಕಡೆಯವರು ಅಂತಲೇ ಗೊತ್ತಾಗುವುದಿಲ್ಲ. ಮೊದಲೇ ಸ್ವಲ್ಪ ತಯಾರಿ ಮಾಡಿಕೊಂಡರೆ ಈ ತೊಂದರೆ ಇಲ್ಲ.

ಹುಡುಕುವಾಗ ನಿರ್ದೇಶಕ ಒಲಿವಿಯೆ ಮಾರ್ಶಾಲ್ ಅವರ ಹೆಸರನ್ನೂ ಸೇರಿಸಿ. ಇಲ್ಲದಿದ್ದರೆ 1947ರಲ್ಲಿ ಕ್ಲೂಜೋ ಎಂಬ ನಿರ್ದೇಶಕರು ಹೆಚ್ಚುಕಡಿಮೆ ಇದೇ ಹೆಸರಿನಲ್ಲಿ ಮಾಡಿದ ಕಪ್ಪು ಬಿಳುಪಿನ ಚಿತ್ರ ಸಿಗಬಹುದು. ಅದೂ ಒಳ್ಳೆಯದೇ, ಆದರೆ ಕಥೆ ಬೇರೆ. ಡಬ್ ಆದ ಪ್ರತಿ ಬೇಡವೇ ಬೇಡ. ದಾನಿಯಲ್ ಒತೈ ಮೆಲ್ಲಗೆ ಮಾತಾಡುವ ನಟ. ಜೆರಾರ್ ದೆಪಾರ್ಡ್ಯೂ ಅವರ ದನಿ ಭಾರ. ಈ ಇಬ್ಬರ ದನಿ ಹೋದರೆ ಅರ್ಧ ಚಿತ್ರವೇ ಹೋದ ಹಾಗೆ.

ಸಬ್‌ಟೈಟಲ್ ಕೆಲಸಕ್ಕೆ ಸಮಯ ಕೊಡಿ. ನಮ್ಮ ಓಣಿಯ ಹಿರಿಯರಿಗೆ ಇಂಗ್ಲಿಷ್ ಸಾಲು ಓಡುವ ವೇಗದಲ್ಲಿ ಓದಲು ಆಗುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸಂಖ್ಯೆ, ಸಮಯ, ಮಾತು, ಹೀಗೆ ಸಾಲುಗಳಿರುತ್ತವೆ. ಸಂಖ್ಯೆಯನ್ನೂ ಸಮಯವನ್ನೂ ಮುಟ್ಟಬೇಡಿ. ಮಾತನ್ನು ಮಾತ್ರ ಕನ್ನಡದಲ್ಲಿ ಬರೆಯಿರಿ, ಸಾಲಿಗೆ ಐದಾರು ಪದ ಸಾಕು. ಉಳಿಸುವಾಗ ಯುಟಿಎಫ್-8 ಆರಿಸಿ. ಇಲ್ಲವಾದರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ ಬರುತ್ತದೆ. ಚಿತ್ರ ನಡೆಸುವ ವಿಎಲ್‌ಸಿ ಪ್ಲೇಯರಿನಲ್ಲಿ ಸಬ್‌ಟೈಟಲ್ ಹಿಂದೆ ಮುಂದೆ ಆದರೆ ಜಿ ಮತ್ತು ಎಚ್ ಕೀ ಒತ್ತಿ ಸರಿಮಾಡಿ. ಪೂರ್ತಿ ಬರೆಯಲು ಆಗದಿದ್ದರೆ ಕಚೇರಿಯೊಳಗಿನ ದೃಶ್ಯಗಳನ್ನಾದರೂ ಬರೆಯಿರಿ. ಗುಂಡಿನ ಕಾಳಗಕ್ಕೆ ಭಾಷೆ ಬೇಕಿಲ್ಲ, ಅಲ್ವಾ?

ಮೇ ತಿಂಗಳಲ್ಲಿ ನಮ್ಮ ಶಹಾಬಾದ್ ಫರಸಿ ರಾತ್ರಿಯಾದರೂ ಕಾವು ಬಿಡುವುದಿಲ್ಲ. ಸಂಜೆಯೇ ನೀರು ಹೊಡೆದು ಬಿಡಿ. ಚಿತ್ರದ ತುಂಬಾ ಬೂದು, ನೀಲಿ, ಕತ್ತಲೆ. ಹಾಗಾಗಿ ಎಂಟು ಗಂಟೆಗೆ ಮುಂಚೆ ಪ್ರೊಜೆಕ್ಟರ್ ಹಚ್ಚಬೇಡಿ, ಮುಖವೇ ಕಾಣುವುದಿಲ್ಲ. ಸುಮಾರು 110 ನಿಮಿಷದ ಚಿತ್ರ. ಕರೆಂಟ್ ಹೋದರೂ ನಡೆಯುವಂತೆ ಇನ್ವರ್ಟರ್ ನೋಡಿಕೊಳ್ಳಿ. ಮಕ್ಕಳನ್ನು ಮಾತ್ರ ಕೂರಿಸಬೇಡಿ. ಒಬ್ಬ ಹೆಂಗಸಿನ ಮೇಲೆ ನಡೆಯುವ ಕ್ರೌರ್ಯ ಶುರುವಿನಲ್ಲೇ ಬರುತ್ತದೆ. ದೊಡ್ಡವರಿಗೂ ಅದನ್ನು ಮೊದಲೇ ಹೇಳಿಬಿಡಿ.

ಈಗ ಮುಖ್ಯ ಕೆಲಸ. ಚಿತ್ರ ಹಾಕುವ ಮುಂಚೆ ಒಂದು ದೊಡ್ಡ ಹಾಳೆಯ ಮೇಲೆ ಈ ನಕ್ಷೆ ಬರೆಯಿರಿ. ಮೇಲೆ ಮಾನ್ಸಿನಿ, ಪ್ಯಾರಿಸ್ ಅಪರಾಧ ಪೊಲೀಸರ ಮುಖ್ಯಸ್ಥ. ಅವನಿಗೆ ಬಡ್ತಿ ಬರುವುದಿದೆ, ಕುರ್ಚಿ ಖಾಲಿಯಾಗುತ್ತದೆ. ಅವನ ಕೆಳಗೆ ಎಡಕ್ಕೆ ವ್ರಿಂಕ್ಸ್ (ಒತೈ), ಇವನ ತುಕಡಿ ಬಿಆರ್‌ಐ, ಅಂದರೆ ಅಪರಾಧಿಗಳನ್ನು ಹುಡುಕಿ ದಾಳಿ ಮಾಡುವ ದಳ. ಬಲಕ್ಕೆ ಕ್ಲೈನ್ (ದೆಪಾರ್ಡ್ಯೂ), ಇವನದು ಬಿಆರ್‌ಬಿ, ಅಂದರೆ ದರೋಡೆಕೋರರನ್ನು ಮಟ್ಟಹಾಕುವ ದಳ. ಇಬ್ಬರೂ ಸಮಾನ ದರ್ಜೆಯವರು, ಒಂದು ಕಾಲದ ಗೆಳೆಯರು. ಇಬ್ಬರ ನಡುವೆ ಕಮೀಲ್ ಅಂತ ಬರೆಯಿರಿ. ಅವಳು ವ್ರಿಂಕ್ಸ್‌ನ ಹೆಂಡತಿ, ಕ್ಲೈನ್ ಕೂಡ ಹಿಂದೆ ಅವಳನ್ನು ಬಯಸಿದ್ದ. ಕೆಳಗೆ, ಹಣ ಸಾಗಿಸುವ ವ್ಯಾನುಗಳನ್ನು ದೋಚುವ ಗ್ಯಾಂಗ್. ಗ್ಯಾಂಗ್ ಹಿಡಿದವನಿಗೆ ಕುರ್ಚಿ ಎನ್ನುತ್ತಾನೆ ಮಾನ್ಸಿನಿ. ಇಲ್ಲಿಗೆ ನಿಲ್ಲಿಸಿ. ಮುಂದಿನ ಕಥೆ ಹೇಳಬೇಡಿ.

ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಈ ನಕ್ಷೆ ಸಾಕು. ಸಾಹೇಬರು ವರ್ಗವಾದಾಗ ಮುಂದಿನವರು ಯಾರು ಎಂಬ ಗುಸುಗುಸು, ಒಂದೇ ಬ್ಯಾಚಿನ ಇಬ್ಬರು ಒಬ್ಬರ ಮುಖ ಒಬ್ಬರು ನೋಡದಿರುವುದು, ಅವರ ಕೈಕೆಳಗಿನ ಪಾಪದವರು ನಡುವೆ ಸಿಕ್ಕಿಕೊಳ್ಳುವುದು, ಇದನ್ನೆಲ್ಲ ನಾನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಚಿತ್ರ ನನಗೆ ಅಷ್ಟು ಹತ್ತಿರ.

ಕಾನೂನನ್ನೂ ಎರಡು ಮಾತಿನಲ್ಲಿ ಹೇಳಿ. ಇಲ್ಲಿ ಪೊಲೀಸರು ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ಸಂವಿಧಾನದ 22ನೇ ವಿಧಿಯ ಮಾತು ಅದು. ತನಿಖೆ ಪೊಲೀಸರದು, ನ್ಯಾಯಾಧೀಶರು ಆಮೇಲೆ. ಫ್ರಾನ್ಸಿನಲ್ಲಿ ಗಂಭೀರ ಅಪರಾಧ ಆದರೆ ತನಿಖೆಯನ್ನು ನಡೆಸುವವರೇ ಒಬ್ಬ ನ್ಯಾಯಾಧೀಶರು. ಪೊಲೀಸ್ ಅಧಿಕಾರಿಯೂ ಅವರ ಮುಂದೆ ಆರೋಪಿಯಾಗಿ ಕೂರಬೇಕಾಗಬಹುದು. ಇದು ಗೊತ್ತಿಲ್ಲದಿದ್ದರೆ ಚಿತ್ರದ ಎರಡನೇ ಭಾಗ ಅರ್ಥವಾಗುವುದು ಕಷ್ಟ.

ಇನ್ನೊಂದು, ಬಾತ್ಮೀದಾರ. ವ್ರಿಂಕ್ಸ್‌ಗೆ ಸುಳಿವು ಕೊಡುವವನು ಸಿಲಿಯೆನ್, ಜೈಲಿನಿಂದ ಕೆಲವೇ ಗಂಟೆ ರಜೆ ಪಡೆದು ಬಂದವನು. ಅವನು ಕೇಳುವ ಬೆಲೆ ಏನು, ವ್ರಿಂಕ್ಸ್ ಎಷ್ಟು ಹೊತ್ತು ಸುಮ್ನೆ ಕೂರುತ್ತಾನೆ, ಕಾರಿನೊಳಗೆ ಯಾರು ಎಲ್ಲಿದ್ದಾರೆ, ಇದನ್ನು ಕಣ್ಣಿಟ್ಟು ನೋಡಲು ಹೇಳಿ. ನಮ್ಮ ಹಳೆಯ ಸಾಕ್ಷ್ಯ ಕಾಯ್ದೆಯ 125ನೇ ಕಲಂ ಪ್ರಕಾರ, ಅಪರಾಧದ ಸುಳಿವು ಎಲ್ಲಿಂದ ಬಂತು ಹೇಳು ಎಂದು ಪೊಲೀಸರನ್ನು ಒತ್ತಾಯಿಸುವಂತಿಲ್ಲ. ಹೊಸ ಕಾಯ್ದೆಯಲ್ಲೂ ಈ ರಕ್ಷಣೆ ಉಳಿದಿದೆ. ಕೋರ್ಟಿನಲ್ಲಿ ಕೂತು ಈ ಕಲಂ ಕೇಳಿದಾಗೆಲ್ಲ ನನಗೆ ಬಾತ್ಮೀದಾರನ ಜೀವದ ಯೋಚನೆ ಬರುತ್ತಿತ್ತು. ಅಧಿಕಾರಿ ಕೂಡ ಅದೇ ಗುಟ್ಟಿನೊಳಗೆ ಮುಳುಗಬಹುದು ಎಂದು ತೋರಿಸಿದ್ದು ಈ ಚಿತ್ರ.

ನಡುವೆ ಒಂದೇ ಒಂದು ಸಲ ನಿಲ್ಲಿಸಿ. ಗ್ಯಾಂಗಿಗೆ ಬಲೆ ಹಾಕಿ ಪೊಲೀಸರು ಕಾದಿರುವಾಗ ಕ್ಲೈನ್ ಸಾಲು ಬಿಟ್ಟು ಒಬ್ಬನೇ ಮುಂದೆ ನಡೆಯುತ್ತಾನೆ. ಅದರ ಪರಿಣಾಮ ಕಂಡ ಮೇಲೆ ನಿಲ್ಲಿಸಿ ಚಹಾ ಕೊಡಿ, ಮಿರ್ಚಿ ಭಜಿ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಜನ ತಾವೇ ವಾದಕ್ಕೆ ಇಳಿಯುತ್ತಾರೆ. ಅವನು ಹಾಗೆ ಮಾಡಿದ್ದು ಸಿಟ್ಟಿಗೋ, ಆಸೆಗೋ, ಸಾಯಲಿಕ್ಕೋ? ನೀವು ಉತ್ತರ ಕೊಡಬೇಡಿ. ನನಗನಿಸುವ ಪ್ರಕಾರ ದೆಪಾರ್ಡ್ಯೂ ಆ ನಡಿಗೆಯಲ್ಲಿ ಮೂರನ್ನೂ ಇಟ್ಟಿದ್ದಾರೆ.

ನಿಜ ಕಥೆಯನ್ನು ಚಿತ್ರ ಮುಗಿದ ಮೇಲೆ ಹೇಳಿ. ಮಾರ್ಶಾಲ್ ಸ್ವತಃ ಪೊಲೀಸ್ ಆಗಿದ್ದವರು. ಚಿತ್ರಕಥೆಗೆ ಕೈ ಸೇರಿಸಿದ ದೊಮಿನಿಕ್ ಲ್ವಾಜೋ ಕೂಡ ಪೊಲೀಸ್ ಆಗಿದ್ದು ಜೈಲು ಕಂಡವರು. 1980ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಟೋಪನ್ ಹಾಕಿ, ವೇಷ ಕಟ್ಟಿ ಬ್ಯಾಂಕ್ ದೋಚುವ ಗ್ಯಾಂಗ್ ಇತ್ತು. 1986ರ ಜನವರಿ 14ರಂದು ಅವರನ್ನು ಹಿಡಿಯಲು ಹೋದ ಕಾರ್ಯಾಚರಣೆ ಕೆಟ್ಟು, ಒಬ್ಬ ಪೊಲೀಸ್ ಸತ್ತರು. ಈ ತುಕಡಿಗಳ ಹಗೆಯ ಮಾತು ಜೋರಾಗಿದ್ದು ಆಗಲೇ. ಇದು ತಿಳಿದಾಗ ಕೂತವರು ಒಮ್ಮೆಲೇ ಗಪ್ಪಾಗುತ್ತಾರೆ.

36 ಎಂದರೆ ಏನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸೇನ್ ನದಿಯ ದಂಡೆಯ ಪೊಲೀಸ್ ಕಟ್ಟಡದ ಮನೆ ನಂಬರ್ ಅದು. 2017ರಲ್ಲಿ ಪೊಲೀಸರು ಪ್ಯಾರಿಸ್‌ನ 17ನೇ ವಿಭಾಗದ ಹೊಸ ಕಟ್ಟಡಕ್ಕೆ ಹೋದರು, ಅಲ್ಲೂ ನಂಬರ್ 36 ಅನ್ನೇ ಇಟ್ಟುಕೊಂಡರು.

ಆಮೇಲೆ ಚರ್ಚೆಯನ್ನು ವ್ರಿಂಕ್ಸ್, ಕ್ಲೈನ್ ಅವರಿಂದ ಶುರು ಮಾಡಬೇಡಿ. ಮಾನ್ಸಿನಿಯಿಂದ ಶುರು ಮಾಡಿ. ಇಬ್ಬರನ್ನೂ ಓಡಲು ಬಿಟ್ಟವನು ಅವನು, ಆದರೆ ಎಲ್ಲರೂ ಅವನನ್ನು ಮರೆತಿರುತ್ತಾರೆ. ಅವನ ಹೆಸರು ತೆಗೆದರೆ ನಮ್ಮ ಮಾಳಿಗೆಯಲ್ಲಿ ಮಾತು ಹನ್ನೊಂದೂವರೆಗೂ ಮುಗಿಯುವುದಿಲ್ಲ.